ಕಡೂರಿನ ವೇದಾ: ಆಟ ಯಾವಾಗ ಕೆಲಸ ಆಯ್ತು?

1/8
ನಮ್ಮ ಕಡೆ ಕ್ರಿಕೆಟ್ ಇತಿಹಾಸ ಅಂದ್ರೆ ಎಲ್ರೂ ಹೇಳೋದು ಒಂದೇ ಹೆಸರು, ಜಿ. ಆರ್. ವಿಶ್ವನಾಥ್. ಭದ್ರಾವತಿಯಲ್ಲಿ ಹುಟ್ಟಿದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್‌ನಲ್ಲೇ 137 ಹೊಡೆದ್ರು, ಒಟ್ಟು 91 ಟೆಸ್ಟ್ ಆಡಿದ್ರು. ಸರಿ. ಈಗ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗೋ ರೈಲು ದಾರಿ ನೆನಪು ಮಾಡ್ಕೊಳ್ಳಿ. ಭದ್ರಾವತಿ, ತರೀಕೆರೆ, ಬೀರೂರು, ಆಮೇಲೆ ಕಡೂರು. ಆ ಕಡೂರಿನಿಂದಲೂ ಒಬ್ಬರು ಭಾರತಕ್ಕೆ ಆಡಿದ್ದಾರೆ, ವೇದಾ ಕೃಷ್ಣಮೂರ್ತಿ. ಈ ಸಲದ ಸರಣಿ ಅವರ ಬಗ್ಗೆ. ರನ್ ಜೊತೆ ದುಡ್ಡಿನ ಲೆಕ್ಕಾನೂ ಹಾಕೋಣ. ಬಿಕಾಂನವರು ನಾವು, ಬಿಡೋಕಾಗುತ್ತಾ?

2/8
ಮೊದಲು ಸ್ವಲ್ಪ ಹಿಂದೆ ಹೋಗೋಣ. ಭಾರತದ ಮಹಿಳಾ ಕ್ರಿಕೆಟ್ ಸಂಘ ಶುರುವಾಗಿದ್ದು 1973ರಲ್ಲಿ. 1976ರಲ್ಲಿ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ಕ್ಯಾಪ್ಟನ್ ಶಾಂತಾ ರಂಗಸ್ವಾಮಿ, ನಮ್ಮ ರಾಜ್ಯದವರೇ. ಅದೇ ವರ್ಷ ಪಾಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವೂ ಅವರ ನಾಯಕತ್ವದಲ್ಲೇ ಬಂತು. ಆದ್ರೆ ಆ ಕಾಲದವರಿಗೆ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ, ಡಾರ್ಮಿಟರಿಯಲ್ಲಿ ನಿದ್ದೆ. ಶಾಂತಾ ಅವರ ನೌಕರಿ ಕೆನರಾ ಬ್ಯಾಂಕಿನಲ್ಲಿ. ಅಂದ್ರೆ ಆಟ ಅನ್ನೋದು ಸಂಬಳ ತರೋ ಕೆಲಸ ಆಗಿರಲಿಲ್ಲ. ಸಂಬಳ ಬೇರೆ ಕಡೆಯಿಂದ ಬರ್ತಿತ್ತು, ಆಟಕ್ಕೆ ಟೈಮ್ ಹೊಂದಿಸ್ಕೋಬೇಕಿತ್ತು. ಮಹಿಳಾ ಕ್ರಿಕೆಟ್ ಬಿಸಿಸಿಐ ಕೆಳಗೆ ಬಂದಿದ್ದು 2006ರಲ್ಲಿ. ಅಂದ್ರೆ ಮೂವತ್ತು ವರ್ಷ ಹೀಗೇ ನಡೀತು.

3/8
ವೇದಾ ಹುಟ್ಟಿದ್ದು 1992ರ ಅಕ್ಟೋಬರ್ 16ರಂದು. ಚಿಕ್ಕ ವಯಸ್ಸಲ್ಲೇ ಕರಾಟೆ ಕಲಿತು, 12 ವರ್ಷಕ್ಕೆಲ್ಲ ಬ್ಲ್ಯಾಕ್ ಬೆಲ್ಟ್. ಕ್ರಿಕೆಟ್ ಕಲಿಯೋಕೆ ಬೆಂಗಳೂರಿಗೆ ಹೋಗಿ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನಲ್ಲಿ ಇರ್ಫಾನ್ ಸೇಟ್ ಹತ್ರ ತರಬೇತಿ ತಗೊಂಡ್ರು. 2011ರ ಜೂನ್ 30ಕ್ಕೆ ಇಂಗ್ಲೆಂಡಿನ ಡರ್ಬಿಯಲ್ಲಿ ಮೊದಲ ಏಕದಿನ ಪಂದ್ಯ, ಮೊದಲ ಪಂದ್ಯದಲ್ಲೇ 51 ರನ್. ಆಗ ಅವರಿಗಿನ್ನೂ 18 ವರ್ಷ. ನಮ್ಮಲ್ಲಿ ಬಹಳಷ್ಟು ಜನ ಆ ವಯಸ್ಸಲ್ಲಿ ಸೆಕೆಂಡ್ ಪಿಯು ರಿಸಲ್ಟ್ ಕಾಯ್ತಾ ಕೂತಿದ್ವಿ.

ಇಲ್ಲೊಂದು ವಿಷಯ ಗಮನಿಸಿ. ವೇದಾ ಭಾರತದ ಜೆರ್ಸಿ ಹಾಕಿದಾಗ ಮಹಿಳಾ ಆಟಗಾರ್ತಿಯರಿಗೆ ಬಿಸಿಸಿಐ ವಾರ್ಷಿಕ ಒಪ್ಪಂದ ಅನ್ನೋದೇ ಇರಲಿಲ್ಲ. ಅದು ಬಂದಿದ್ದು 2015ರಲ್ಲಿ. ಅಷ್ಟರ ತನಕ ಆಡುವವರಿಗೆ ದೊಡ್ಡ ಆಸರೆ ರೈಲ್ವೇಸ್. ವೇದಾ ಕೂಡ ಕರ್ನಾಟಕದ ಜೊತೆ ರೈಲ್ವೇಸ್ ತಂಡಕ್ಕೂ ಆಡಿದವರು.

4/8
2017. ಎಲ್ಲ ತಿರುಗಿದ ವರ್ಷ. ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ರೆ ಮಾತ್ರ ಸೆಮಿಫೈನಲ್. ಜಾಗ ಮತ್ತೆ ಅದೇ ಡರ್ಬಿ. ಮಿಥಾಲಿ ರಾಜ್ 109 ಹೊಡೆದ್ರು, ವೇದಾ 45 ಬಾಲಿಗೆ 70. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ ಕೊಟ್ಟು 5 ವಿಕೆಟ್ ಕಿತ್ರು, ನ್ಯೂಜಿಲೆಂಡ್ 79ಕ್ಕೆ ಆಲೌಟ್. ಒಂದೇ ಪಂದ್ಯದಲ್ಲಿ ಕಡೂರು, ವಿಜಯಪುರ ಎರಡೂ ಮಿಂಚಿದ್ವು ಕಣ್ರೋ!

ಜುಲೈ 23, ಲಾರ್ಡ್ಸ್, ಫೈನಲ್. ಗುರಿ 229. ಸ್ಕೋರ್ 191ಕ್ಕೆ 3, ಕ್ರೀಸಲ್ಲಿ ಪೂನಂ ರಾವುತ್ ಮತ್ತು ವೇದಾ. ಅಲ್ಲಿಂದ 28 ರನ್ನಿಗೆ 7 ವಿಕೆಟ್ ಬಿತ್ತು. ವೇದಾ 35. ಸೋಲು ಬರೀ 9 ರನ್ನಿಂದ.

5/8
ಸೋತರೂ ದೇಶ ನೋಡ್ತು. ಆಟಗಾರ್ತಿಯರಿಗೆ ಬಿಸಿಸಿಐ ತಲಾ 50 ಲಕ್ಷ ಬಹುಮಾನ ಘೋಷಿಸ್ತು. ಆ ವರ್ಷವೇ ವೇದಾ ಆಸ್ಟ್ರೇಲಿಯಾದ ಮಹಿಳಾ ಬಿಗ್ ಬ್ಯಾಷ್‌ನಲ್ಲಿ ಹೋಬಾರ್ಟ್ ಹರಿಕೇನ್ಸ್ ಸೇರಿದ್ರು. ಹರ್ಮನ್‌ಪ್ರೀತ್, ಸ್ಮೃತಿ ಆದ್ಮೇಲೆ ಅಲ್ಲಿ ಅವಕಾಶ ಸಿಕ್ಕ ಮೂರನೇ ಭಾರತೀಯಳು.

ಈಗ ಲೆಕ್ಕ. 2018ರ ಒಪ್ಪಂದದಲ್ಲಿ ವೇದಾ ಬಿ ಗ್ರೇಡ್, ವರ್ಷಕ್ಕೆ 30 ಲಕ್ಷ. ಮಹಿಳೆಯರ ಟಾಪ್ ಗ್ರೇಡ್ 50 ಲಕ್ಷ. ಅದೇ ಪಟ್ಟಿಯಲ್ಲಿ ಪುರುಷರ ಟಾಪ್ ಗ್ರೇಡ್ 7 ಕೋಟಿ. ಭಾಗಿಸಿ ನೋಡಿ, 14 ಪಟ್ಟು.

6/8
ಇದು ನಮ್ಮಲ್ಲಿ ಮಾತ್ರ ಅಲ್ಲ. ಆಸ್ಟ್ರೇಲಿಯಾದವರಿಗೆ ಕ್ರಿಕೆಟ್‌ನಷ್ಟೇ ಹುಚ್ಚು ಇರೋದು ಅವರದೇ ಫುಟ್‌ಬಾಲ್ ಮೇಲೆ. ಮೊಟ್ಟೆ ಆಕಾರದ ಬಾಲು, ಕೈಯಲ್ಲೂ ಹಿಡೀಬಹುದು, ಕಾಲಲ್ಲೂ ಒದೀಬಹುದು. ಅದರ ಮಹಿಳಾ ಲೀಗ್ ಶುರುವಾಗಿದ್ದೂ 2017ರಲ್ಲೇ. ಮೊದಲ ಸೀಸನ್‌ನಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಸುಮಾರು 8,500 ಆಸ್ಟ್ರೇಲಿಯನ್ ಡಾಲರ್, ಅಷ್ಟರಲ್ಲಿ ವರ್ಷ ಪೂರ್ತಿ ಬದುಕೋಕಾಗಲ್ಲ. ಜೆಸ್ ಕ್ಯಾಮರೂನ್ ಅಂತ ಒಬ್ಬರಿದ್ದಾರೆ. 2013ರಲ್ಲಿ ಮುಂಬೈಯಲ್ಲಿ ನಡೆದ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ 75 ಹೊಡೆದು ಪಂದ್ಯಶ್ರೇಷ್ಠೆ ಆದವರು. ಅವರೇ 2017ರಲ್ಲಿ ಕಾಲಿಂಗ್‌ವುಡ್ ಪರ ಈ ಫುಟ್‌ಬಾಲ್ ಲೀಗ್ ಆಡಿದ್ರು!

7/8
ಆ ಫುಟ್‌ಬಾಲ್‌ನ ದೊಡ್ಡ ಮನೆ ಮೆಲ್ಬರ್ನ್ ಕ್ರಿಕೆಟ್ ಮೈದಾನ. 2020ರ ಮಾರ್ಚ್ 8, ಮಹಿಳಾ ದಿನದಂದು, ಅಲ್ಲೇ ಟಿ20 ವಿಶ್ವಕಪ್ ಫೈನಲ್ ನಡೀತು. ಬಂದ ಜನ 86,174. ಭಾರತ 85 ರನ್ನಿಂದ ಸೋತಿತು, ವೇದಾ 19. ಭಾರತಕ್ಕೆ ಅದೇ ಅವರ ಕೊನೆ ಪಂದ್ಯ ಆಯ್ತು.

2021ರಲ್ಲಿ ಕೋವಿಡ್ ಎರಡನೇ ಅಲೆ ಅವರ ಮನೆಗೂ ನುಗ್ಗಿತು. ಸುಮಾರು ಎರಡು ವಾರದ ಅಂತರದಲ್ಲಿ ತಾಯಿ ಮತ್ತು ಅಕ್ಕ ಇಬ್ಬರೂ ಹೋದ್ರು. ಅದೇ ತಿಂಗಳು ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರಿರಲಿಲ್ಲ. ಇಂಥ ಹೊತ್ತಲ್ಲಿ ಮಂಡಳಿ ಆಟಗಾರ್ತಿಯನ್ನ ಸರಿಯಾಗಿ ವಿಚಾರಿಸಲಿಲ್ಲ ಅಂತ ಆಸ್ಟ್ರೇಲಿಯಾದ ಮಾಜಿ ಕ್ಯಾಪ್ಟನ್ ಲೀಸಾ ಸ್ತಾಲೇಕರ್ ಬಹಿರಂಗವಾಗೇ ಬೇಸರ ಹೇಳಿದ್ರು. ಒಪ್ಪಂದ ಅಂದ್ರೆ ಬರೀ ದುಡ್ಡಾ, ಜವಾಬ್ದಾರಿ ಇಲ್ವಾ? ಆ ಪ್ರಶ್ನೆ ನ್ಯಾಯವಾದದ್ದೇ.

8/8
ಆಮೇಲೆ ಏನಾಯ್ತು ನೋಡಿ. 2022ರ ಅಕ್ಟೋಬರಲ್ಲಿ ಪಂದ್ಯದ ಫೀಸು ಗಂಡಸ್ರಿಗೂ ಹೆಂಗಸ್ರಿಗೂ ಸಮ ಆಯ್ತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ವೇದಾ ಆಡಿದ್ದು 48 ಏಕದಿನ, 76 ಟಿ20, ಒಟ್ಟು 124 ಪಂದ್ಯ. ಸಮ ಫೀಸಿನಲ್ಲಿ ಆಡಿದ್ದು ಸೊನ್ನೆ.

2023ರಲ್ಲಿ ಡಬ್ಲ್ಯುಪಿಎಲ್ ಬಂತು, ಸ್ಮೃತಿಗೆ 3.40 ಕೋಟಿ. 2024ರಲ್ಲಿ ಗುಜರಾತ್ ಜೈಂಟ್ಸ್ ವೇದಾರನ್ನ 30 ಲಕ್ಷಕ್ಕೆ ತಗೊಂಡ್ರು. ಅದೇ ಸೀಸನ್ ಫೈನಲ್‌ನಲ್ಲಿ ಕಲಬುರಗಿಯ ಶ್ರೇಯಾಂಕಾ ಪಾಟೀಲ್ 4 ವಿಕೆಟ್ ಕಿತ್ತು ಆರ್‌ಸಿಬಿಗೆ ಕಪ್ ತಂದ್ರು. 2025ರ ಜುಲೈಯಲ್ಲಿ ವೇದಾ ನಿವೃತ್ತಿ. ನವೆಂಬರ್ 2ಕ್ಕೆ ನವಿ ಮುಂಬೈಯಲ್ಲಿ ಭಾರತ ವಿಶ್ವಕಪ್ ಗೆದ್ದೇಬಿಡ್ತು.

ಅಯ್ಯೋ ಪಾಪ ಅನ್ನಬೇಡಿ. ಶಾಂತಾ ಅವರ ಕಾಲದಲ್ಲಿ ಬ್ಯಾಂಕ್ ಕೆಲಸ ಇಲ್ದೆ ಆಟ ಇಲ್ಲ. ಶ್ರೇಯಾಂಕಾ ಕಾಲದಲ್ಲಿ ಆಟವೇ ಕೆಲಸ. ಈ ಎರಡರ ಮಧ್ಯದ ವರ್ಷಗಳನ್ನ ಮೈದಾನದಲ್ಲಿ ಕಳೆದವರು ವೇದಾ ತಲೆಮಾರಿನವರು. ಲಾರ್ಡ್ಸ್‌ನ 9 ರನ್ ಸೋಲು ಜನರನ್ನ ಟಿವಿ ಮುಂದೆ ಕೂರಿಸದೇ ಇದ್ದಿದ್ರೆ ಡಬ್ಲ್ಯುಪಿಎಲ್‌ಗೆ ದುಡ್ಡು ಹಾಕೋರು ಇಷ್ಟು ಬೇಗ ಬರ್ತಿದ್ರಾ? ನನಗಂತೂ ಅನುಮಾನ.

ಮುಂದಿನ ಸಲ ರೈಲು ಕಡೂರಲ್ಲಿ ನಿಂತಾಗ ಪಕ್ಕದಲ್ಲಿರೋ ತಂಗಿಗೋ ತಮ್ಮನಿಗೋ ಈ ಹೆಸರು ಹೇಳಿ. ನಿಮ್ಮೂರಲ್ಲೂ ಆಡ್ತಿರೋ ಹುಡುಗಿಯರಿದ್ರೆ ಕಾಮೆಂಟಲ್ಲಿ ಊರಿನ ಹೆಸರು ಹಾಕಿ.

#ವೇದಾಕೃಷ್ಣಮೂರ್ತಿ #ಕಡೂರು #ಭದ್ರಾವತಿ #ಶಿವಮೊಗ್ಗ #ನಮ್ಮೂರಇತಿಹಾಸ