ಮನೆಯಲ್ಲಿ ಕಟ್ಟಿದ ಬಾನುಲಿ



1935ನೆಯ ಇಸವಿ ಬಾನುಲಿಯ ಚರಿತ್ರೆಯಲ್ಲಿ ವಿಶೇಷವಾದುದು. ಆ ವರ್ಷದ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ 30 ವ್ಯಾಟ್ ಶಕ್ತಿಯ ಪ್ರೇಷಕದ ಮೂಲಕ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಮಗೆ ದಕ್ಕಿದ್ದು ಆ ಮನೆಯಿಂದ. ಇಷ್ಟು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಎರಡು ತಿಂಗಳು ಕಳೆಯುವುದರೊಳಗೆ ಅಮೆರಿಕದಲ್ಲೂ ಒಂದು ಮನೆಯಿಂದ ಹೊಸ ಬಗೆಯ ಬಾನುಲಿ ಲೋಕಕ್ಕೆ ಪರಿಚಯವಾಯಿತೆಂಬುದು ಅಷ್ಟಾಗಿ ತಿಳಿದಿಲ್ಲ.

ನವೆಂಬರ್ ತಿಂಗಳ ಮೊದಲ ವಾರದಲ್ಲಿ ನ್ಯೂಯಾರ್ಕಿನಲ್ಲಿ ಇಂಜಿನಿಯರುಗಳ ಸಭೆಯ ಮುಂದೆ ಎಡ್ವಿನ್ ಆರ್ಮ್‌ಸ್ಟ್ರಾಂಗ್ ತಮ್ಮ ಎಫ್.ಎಂ. ಪದ್ಧತಿಯನ್ನು ವಿವರಿಸುತ್ತಿದ್ದರು. ಪ್ರೇಷಕವಿದ್ದದ್ದು ಯಾಂಕರ್ಸ್‌ನಲ್ಲಿ, ಹವ್ಯಾಸಿಯಾದ ಅವರ ಗೆಳೆಯ ಕಾರ್ಮನ್ ರನಿಯನ್ನರ ಮನೆಯಲ್ಲಿ. ಅಲ್ಲಿ ಲೋಟಕ್ಕೆ ನೀರು ಹೊಯ್ದರೆ ಸಭಿಕರಿಗೆ ನೀರು ಹೊಯ್ದಂತೆಯೇ ಕೇಳಿಸಿತು. ಕಾಗದ ಹರಿದರೆ ಕಾಗದ ಹರಿದಂತೆಯೇ. ಅದುವರೆಗಿನ ಬಾನುಲಿ ಅಲೆಯ ಎತ್ತರವನ್ನು ಏರಿಳಿಸಿ ಧ್ವನಿಯನ್ನು ಸಾಗಿಸುತ್ತಿತ್ತು. ಸಿಡಿಲು, ಮೋಟಾರುಗಳ ಕಿಡಿ ಎಲ್ಲವೂ ಆ ಎತ್ತರಕ್ಕೇ ಅಂಟಿಕೊಂಡು ಗೊರಗೊರ ಎನ್ನುತ್ತಿದ್ದವು. ಆರ್ಮ್‌ಸ್ಟ್ರಾಂಗ್ ಎತ್ತರವನ್ನು ಸ್ಥಿರವಾಗಿಟ್ಟು ಆವೃತ್ತಿಯನ್ನು ಏರಿಳಿಸಿದರು. ಈ ಮಹಾನುಭಾವರು ಪೇಟೆಂಟ್ ವ್ಯಾಜ್ಯಗಳಲ್ಲಿ ಬಸವಳಿದು 1954ರಲ್ಲಿ ಪ್ರಾಣ ಕಳೆದುಕೊಂಡದ್ದು ಬೇರೆಯೇ ಒಂದು ದುಃಖದ ಅಧ್ಯಾಯ.

ಎಫ್.ಎಂ. ಪ್ರೇಷಕ ಬಡವರ ಕೈಗೆ ಬಂದದ್ದು ಟ್ರಾನ್ಸಿಸ್ಟರು ಅಗ್ಗವಾದ ಮೇಲೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ವಸತಿ ಸಮುಚ್ಚಯವೊಂದರಲ್ಲಿ ಎಂಬಾನಾ ಕಂಟಾಕೊ ಎಂಬ ಅಂಧ ಕಪ್ಪುವರ್ಣೀಯರು 1987ರಲ್ಲಿ ಒಂದೇ ವ್ಯಾಟ್ ಶಕ್ತಿಯ ಪ್ರೇಷಕದಿಂದ ನೆರೆಹೊರೆಯವರಿಗಾಗಿ ಪ್ರಸಾರ ಹೂಡಿದರು. ತಗುಲಿದ ವೆಚ್ಚ ಸುಮಾರು 600 ಡಾಲರ್. 1989ರಲ್ಲಿ ಸರ್ಕಾರ 750 ಡಾಲರ್ ದಂಡ ವಿಧಿಸಿತು. ಇಷ್ಟು ಚಿಕ್ಕ ನಿಲಯಕ್ಕೆ ಪರವಾನಗಿ ಪಡೆಯುವ ದಾರಿಯೇ ಆಗ ಅಲ್ಲಿರಲಿಲ್ಲ. ಅವರು ಪ್ರಸಾರವನ್ನು ಶಾಶ್ವತವಾಗಿ ಕೈಬಿಡಲೂ ಇಲ್ಲ. 1993ರಲ್ಲಿ ಬರ್ಕ್ಲಿಯ ಸ್ಟೀಫನ್ ಡ್ಯೂನಿಫರ್ ಪ್ರೇಷಕವನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿ ಪ್ರಸಾರ ಮಾಡಿದರು. ಮುಂದೆ ಬಿಡಿಭಾಗಗಳ ಕಿಟ್‌ಗಳನ್ನು ಸಿದ್ಧಪಡಿಸಿ ಮಾರಿದರು. 1998ರಲ್ಲಿ ನ್ಯಾಯಾಲಯ ಅವರ ಪ್ರಸಾರವನ್ನು ನಿರ್ಬಂಧಿಸಿತಾದರೂ, 2000ದಲ್ಲಿ ಅಲ್ಲಿನ ಸರ್ಕಾರವೇ 100 ವ್ಯಾಟ್ ಒಳಗಿನ ನಿಲಯಗಳಿಗೆ ಪರವಾನಗಿಯ ಬಾಗಿಲು ತೆರೆಯಿತು.

ಕಾನೂನಿಗೆ ಸೆಡ್ಡು ಹೊಡೆದ ಡ್ಯೂನಿಫರ್ ಭೌತಶಾಸ್ತ್ರಕ್ಕೆ ಸೆಡ್ಡು ಹೊಡೆಯಲಿಲ್ಲ. ಪ್ರೇಷಕವನ್ನು ಪರೀಕ್ಷಿಸುವಾಗ ಹುಸಿಭಾರ ಇಲ್ಲದೆ ಸ್ವಿಚ್ ಒತ್ತಬಾರದು, ಶೋಧಕವಿಲ್ಲದೆ ಆಂಟೆನಾ ಜೋಡಿಸಬಾರದು ಎಂಬುದು ಅವರ ಪಾಠ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ; ಏಕೆಂದರೆ ಇಂಥ ಕಿಟ್ ಒಂದನ್ನು ಮಗನಿಗೆ ಕೊಡಿಸಬಹುದೇ ಎಂದು ನಿಮ್ಮಲ್ಲೊಬ್ಬರು ನನ್ನನ್ನು ಕೇಳಿದ್ದಾರೆ.

ಪ್ರೇಷಕ ಉತ್ಪಾದಿಸಿದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಆಂಟೆನಾ ಇಲ್ಲದಿದ್ದರೆ, ಅಥವಾ ಅದರ ಅಳತೆ ಹೊಂದದಿದ್ದರೆ, ಶಕ್ತಿ ಹಿಂದಿರುಗಿ ಬಂದು ಕೊನೆಯ ಟ್ರಾನ್ಸಿಸ್ಟರನ್ನೇ ಸುಡುತ್ತದೆ. ಆದ್ದರಿಂದ ಆಂಟೆನಾದ ಜಾಗದಲ್ಲಿ 50 ಓಮ್‌ನ ರೋಧಕವನ್ನಿಟ್ಟು, ಶಕ್ತಿಯನ್ನು ಶಾಖವಾಗಿ ಕರಗಿಸಿ, ಪರೀಕ್ಷೆಯನ್ನು ಮೇಜಿನ ಮೇಲೆಯೇ ಮುಗಿಸುತ್ತಾರೆ. ಇದೇ ಹುಸಿಭಾರ. ತಂತಿ ಸುತ್ತಿದ ರೋಧಕ ಇದಕ್ಕೆ ಸಲ್ಲದು. ಅಷ್ಟು ಎತ್ತರದ ಆವೃತ್ತಿಯಲ್ಲಿ ಅದು ಸುರುಳಿಯಂತೆ ವರ್ತಿಸುತ್ತದೆ. ಎರಡನೆಯದು, ಪ್ರೇಷಕ ತಾನು ಹೇಳಬೇಕಾದ ಆವೃತ್ತಿಯನ್ನಷ್ಟೇ ಹೇಳುವುದಿಲ್ಲ. 90 ಮೆಗಾಹರ್ಟ್ಸ್‌ಗೆ ಕೂಡಿಸಿದರೆ 180ರಲ್ಲೂ 270ರಲ್ಲೂ ಅದರ ನೆರಳು ಬೀಳುತ್ತದೆ. ಶೋಧಕ ತಡೆಯುವುದು ಈ ನೆರಳನ್ನು. ಮೂರನೆಯದು ಎಲ್ಲಕ್ಕಿಂತ ಗಂಭೀರ: ಎಫ್.ಎಂ. ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತಿದ್ದಂತೆಯೇ ವಿಮಾನಗಳಿಗೆ ದಾರಿ ತೋರುವ ಸಂಕೇತಗಳು ಆರಂಭವಾಗುತ್ತವೆ, 118ರಿಂದ ಪೈಲಟ್‌ಗಳ ಸಂಭಾಷಣೆ. ಅಗ್ಗದ ಕಿಟ್‌ಗಳಲ್ಲಿ ಆವೃತ್ತಿಯನ್ನು ಹಿಡಿದಿಡುವ ಹರಳು ಇರುವುದಿಲ್ಲ. ಕೈ ಹತ್ತಿರ ತಂದರೂ, ಬ್ಯಾಟರಿ ಸೊರಗಿದರೂ ಅದು ಜಾರುತ್ತದೆ. ಹೊಲದ ಬದು ದಾಟಿದ ದನಕ್ಕೆ ಅದು ಯಾರ ಪೈರೆಂಬುದು ಗೊತ್ತಿರುವುದಿಲ್ಲವಷ್ಟೆ!

ಜೋಡಿಸುವುದು ಒಳ್ಳೆಯ ವಿದ್ಯೆ. ಆದರೆ ಆಂಟೆನಾ ಏರಿಸಿ ಪ್ರಸಾರಕ್ಕಿಳಿಯುವ ಮಾತು ಬೇರೆ. ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯಿದೆ ಹಾಗೂ 1933ರ ನಿಸ್ತಂತು ಕಾಯಿದೆಗಳ ಪ್ರಕಾರ ಪ್ರಸಾರ ಮಾಡುವುದಕ್ಕಷ್ಟೇ ಅಲ್ಲ, ಉಪಕರಣವನ್ನು ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕಿತ್ತು. ಅವುಗಳ ಜಾಗಕ್ಕೆಂದು 2023ರಲ್ಲಿ ಸಂಸತ್ತು ಅಂಗೀಕರಿಸಿದ ದೂರಸಂಪರ್ಕ ಕಾಯಿದೆಯೂ ಅನುಮತಿಯ ಕಟ್ಟನ್ನು ಕಳಚಿಲ್ಲ. ಕೊಳ್ಳುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ ಎಂದೇ ನನ್ನ ಉತ್ತರ.

ಈ ಕಟ್ಟು ಯಾರ ಬಾಯಿಗೆ ಬಿತ್ತೆಂಬುದೂ ಚರಿತ್ರೆಯ ವಿಷಯವೇ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರಾಘವ್ ಮಹತೋ ಎಂಬ ರೇಡಿಯೋ ರಿಪೇರಿಯ ಯುವಕ ಸುಮಾರು 50 ರೂಪಾಯಿಯ ಪ್ರೇಷಕವನ್ನು ಬಿದಿರಿನ ಗಳುವಿಗೆ ಕಟ್ಟಿ ಹಾಡು, ಸುದ್ದಿ, ಪೋಲಿಯೋ ತಿಳಿವಳಿಕೆಗಳನ್ನು ಪ್ರಸಾರ ಮಾಡುತ್ತಿದ್ದ. 2006ರ ಫೆಬ್ರವರಿಯಲ್ಲಿ ಬಿ.ಬಿ.ಸಿ. ಅವನನ್ನು ಲೋಕಕ್ಕೆ ತೋರಿಸಿತು. ಮಾರ್ಚಿಯಲ್ಲಿ ಅಧಿಕಾರಿಗಳು ಬಂದು ನಿಲಯವನ್ನು ಮುಚ್ಚಿಸಿದರು. ಕಾನೂನು ಅವರ ಪಕ್ಷದಲ್ಲಿತ್ತು, ನಿಜ. ಆದರೆ ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ಹೇಳಿದ್ದರೂ, ಹನ್ನೊಂದು ವರ್ಷಗಳ ನಂತರವೂ ಆ ಸಾರ್ವಜನಿಕರಲ್ಲೊಬ್ಬನಿಗೆ ಅರ್ಜಿ ಹಾಕಲು ಕಿಟಕಿ ಇರಲಿಲ್ಲವೆಂಬುದು ನನ್ನ ಮನಸ್ಸಿಗೆ ಒಪ್ಪದು.

ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಈ ಇಕ್ಕಟ್ಟನ್ನು ಜಾಣ್ಮೆಯಿಂದ ದಾಟಿದರು. ಹೈದರಾಲಿ ಹುಟ್ಟಿದ ಊರೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದ ಅದೇ ಬೂದಿಕೋಟೆ. 2001ರಲ್ಲಿ ಆರಂಭವಾದ 'ನಮ್ಮ ಧ್ವನಿ' ಗಾಳಿಯ ಗೊಡವೆಗೇ ಹೋಗದೆ, ಕೇಬಲ್ ತಂತಿಯ ಮೂಲಕ ಮನೆಗಳಿಗೆ ಧ್ವನಿಯನ್ನು ಕಳುಹಿಸಿತು. ತಂತಿಯಲ್ಲಿ ಹರಿದದ್ದಕ್ಕೆ ನಿಸ್ತಂತು ಕಾಯಿದೆ ಅಡ್ಡಬರಲಿಲ್ಲ.

2006ರ ನವೆಂಬರಿನಲ್ಲಿ ಸರ್ಕಾರ ಸಮುದಾಯ ಬಾನುಲಿಯ ನೀತಿಯನ್ನು ಸಡಿಲಿಸಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶವಿತ್ತಿತು: 100 ವ್ಯಾಟ್ ಪರಿಣಾಮಕ ಶಕ್ತಿ, 30 ಮೀಟರ್ ಮೀರದ ಗೋಪುರ. 2008ರ ಅಕ್ಟೋಬರ್ 15ರಂದು ಜಹೀರಾಬಾದ್ ಸಮೀಪದ ಮಾಚನೂರಿನಿಂದ ದಲಿತ ಮಹಿಳೆಯರು ನಡೆಸುವ 'ಸಂಘಂ ರೇಡಿಯೋ' ಅಧಿಕೃತವಾಗಿ ಪ್ರಸಾರ ಆರಂಭಿಸಿತು. ರಾಘವನ ಬಿದಿರಿನ ಗಳು ಇಳಿದು ಆಗ ಎರಡೂವರೆ ವರ್ಷವಾಗಿತ್ತು.