ವೈಜ್ಞಾನಿಕ ರೂಪದಲ್ಲಿ ಭಾಗಾಕಾರದ ವಾಕ್ಯ ಸಮಸ್ಯೆಗಳು

ದೊಡ್ಡ ಸಂಖ್ಯೆಗಳನ್ನು 1 ಅಥವಾ ಅದಕ್ಕಿಂತ ಹೆಚ್ಚು, ಆದರೆ 10ಕ್ಕಿಂತ ಕಡಿಮೆಯಾದ ಗುಣಕ ಮತ್ತು 10ರ ಘಾತದ ಗುಣಲಬ್ಧವಾಗಿ ಬರೆದು ಭಾಗಿಸುವ ಕ್ರಮ. ಸಮಸ್ಯೆಯಲ್ಲಿ ಬರುವ ‘ಪ್ರತಿಯೊಂದಕ್ಕೆ ಎಷ್ಟು’, ‘ಎಷ್ಟು ಪಟ್ಟು’ ಎಂಬ ಮಾತುಗಳು ಭಾಗಾಕಾರದ ಸುಳಿವು. ಗುಣಕಗಳನ್ನು ಭಾಗಿಸಿ, ಭಾಜ್ಯದ ಘಾತಾಂಕದಿಂದ ಭಾಜಕದ ಘಾತಾಂಕವನ್ನು ಕಳೆಯಬೇಕು.

ಉದಾಹರಣೆ: 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯ ಜನಸಂಖ್ಯೆ 18,47,023, ವಿಸ್ತೀರ್ಣ 4,260 ಚದರ ಕಿ.ಮೀ. ಪ್ರತಿ ಚದರ ಕಿ.ಮೀ.ಗೆ ಎಷ್ಟು ಜನ?

(1.847 × 10⁶) ÷ (4.26 × 10³) ≈ 0.4336 × 10³

ಗುಣಕ 1ಕ್ಕಿಂತ ಕಡಿಮೆಯಾದ್ದರಿಂದ ದಶಮಾಂಶ ಬಿಂದುವನ್ನು ಒಂದು ಸ್ಥಾನ ಬಲಕ್ಕೆ ಸರಿಸಿ, ಘಾತಾಂಕದಲ್ಲಿ 1 ಕಳೆದರೆ 4.336 × 10², ಅಂದರೆ ಸುಮಾರು 434 ಜನ. ಇದು ಇಡೀ ಜಿಲ್ಲೆಯ ಸರಾಸರಿ. ಹುಬ್ಬಳ್ಳಿ-ಧಾರವಾಡ ನಗರವೂ ಇದರಲ್ಲಿ ಸೇರಿರುವುದರಿಂದ ಹಳ್ಳಿಗಾಡಿನ ಜನಸಾಂದ್ರತೆ ಇದಕ್ಕಿಂತ ಕಡಿಮೆ.