ಮುಪ್ಪು ರೋಗವಲ್ಲ: ಡಾ. ವಿ. ಎಸ್. ನಟರಾಜನ್ ಅವರ ಸೇವೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಬಸವಕಲ್ಯಾಣದ ಕೋಟೆಯ ಬಗ್ಗೆಯೋ ಬೀದರಿನ ಬಹಮನಿ ಅರಸರ ಬಗ್ಗೆಯೋ ಬರೆಯಬೇಕೆಂದಿದ್ದೆ. ಆದರೆ ಬರೆಯಲು ಕುಳಿತಾಗ ಕಣ್ಣ ಮುಂದೆ ಬಂದವನು ನಮ್ಮ ಮುತ್ಯಾ.

ನಾನು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಮುತ್ಯಾ ಕಣದಲ್ಲಿ ಜಾರಿ ಬಿದ್ದ. ಎಲುಬು ಮುರಿದಿರಲಿಲ್ಲ. ಆದರೂ ಮನೆಯವರೆಲ್ಲ ಸೇರಿ ಅವನನ್ನು ಹೊರಸಿನ ಮೇಲೆ ಮಲಗಿಸಿ, "ಏಳಬ್ಯಾಡ" ಎಂದೆವು. ಅದು ಪ್ರೀತಿಯಿಂದಲೇ ಹೇಳಿದ ಮಾತು. ತಿಂಗಳಾಗುವಷ್ಟರಲ್ಲಿ ಕಾಲಿನ ಶಕ್ತಿ ಹೋಯಿತು, ಬೆನ್ನಿಗೆ ಹುಣ್ಣಾಯಿತು. ಒಂದು ರಾತ್ರಿ ನನ್ನನ್ನೇ ಗುರುತಿಸದೆ ಬಡಬಡಿಸತೊಡಗಿದ. "ವಯಸ್ಸ ಆಗ್ಯಾದ, ಇನ್ನೇನ್ ಮಾಡ್ಲಕ್ಕ ಬರ್ತದ?" ಎಂದರು ನೋಡಲು ಬಂದವರೆಲ್ಲ. ನಾವೂ ಅದನ್ನೇ ನಂಬಿದೆವು. ಸುಗ್ಗಿ ಮುಗಿಯುವ ಮೊದಲೇ ಮುತ್ಯಾ ಹೋಗಿಬಿಟ್ಟ.

ಆ ಮಾತನ್ನು ಒಪ್ಪದ ವೈದ್ಯರೂ ಇದ್ದರು ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ಮಕ್ಕಳ ವೈದ್ಯಶಾಸ್ತ್ರ ಇರುವಂತೆ ವೃದ್ಧರಿಗೂ ಒಂದು ಶಾಸ್ತ್ರ ಬೇಕೆಂದು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನ್ಯಾಷರ್ 1909ರಲ್ಲಿ ಅದಕ್ಕೆ 'ಜೀರಿಯಾಟ್ರಿಕ್ಸ್' ಎಂದು ಹೆಸರಿಟ್ಟರು. ಅದನ್ನು ಆಸ್ಪತ್ರೆಯಲ್ಲಿ ಮಾಡಿ ತೋರಿಸಿದವರು ಇಂಗ್ಲೆಂಡಿನ ಡಾ. ಮಾರ್ಜರಿ ವಾರೆನ್ ಎಂಬ ಮಹಿಳೆ. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ, ಪಕ್ಕದಲ್ಲಿದ್ದ ಬಡವರ ಚಿಕಿತ್ಸಾಲಯದ 714 ಹಾಸಿಗೆಗಳು ಸೇರಿದವು. ಅಲ್ಲಿ ಮಲಗಿದ್ದವರಲ್ಲಿ ಎಷ್ಟೋ ಜನ ವೃದ್ಧರು. ಅವರಿಗೆ ಗುಣವಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ಎಬ್ಬಿಸಿ ಕೂಡಿಸಿದರು, ನಡೆಸಿದರು. ಅನೇಕರು ತಮ್ಮ ಮನೆಗಳಿಗೆ ಮರಳಿದರು.

ಈ ವಿದ್ಯೆಯನ್ನು ಬ್ರಿಟನ್ನಿನಲ್ಲಿ ಕಲಿತು ನಮ್ಮ ದೇಶಕ್ಕೆ ತಂದವರಲ್ಲಿ ಮೊದಲಿಗರು ಡಾ. ವಿ. ಎಸ್. ನಟರಾಜನ್. ಇವರು ತಮಿಳುನಾಡಿನವರು. 1978ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ಆರಂಭವಾಯಿತು. ಹತ್ತು ವರ್ಷಗಳ ನಂತರ, 1988ರಲ್ಲಿ, ಒಳರೋಗಿಗಳ ವಾರ್ಡೂ ಬಂತು. 1996ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವೃದ್ಧರ ವೈದ್ಯಶಾಸ್ತ್ರದ ಎಂ.ಡಿ. ಕೋರ್ಸು ತೆರೆಯಿತು. ಈ ವಿಷಯಕ್ಕೆ ಭಾರತದ ಮೊದಲ ಪ್ರಾಧ್ಯಾಪಕರೆಂಬ ಗೌರವ ಅವರದು. ಸಾಮಾನ್ಯ ಜನರಿಗಾಗಿ ತಮಿಳಿನಲ್ಲಿ ಪುಸ್ತಕಗಳನ್ನೂ ಬರೆದರು. 2012ರಲ್ಲಿ ಸರ್ಕಾರ ಪದ್ಮಶ್ರೀ ನೀಡಿತು.

ಗಮನಿಸಬೇಕಾದದ್ದು ಪದವಿ ಪ್ರಶಸ್ತಿಗಳನ್ನಲ್ಲ, ಈ ಶಾಸ್ತ್ರ ಕಲಿಸುವ ಪಾಠವನ್ನು. ವಯಸ್ಸಾದವರಲ್ಲಿ ರೋಗ ಬೇರೆ ವೇಷದಲ್ಲಿ ಬರುತ್ತದೆ. ಎದೆನೋವಿಲ್ಲದೆಯೇ ಹೃದಯಾಘಾತವಾಗಬಹುದು. ಜ್ವರವಿಲ್ಲದೆಯೇ ನ್ಯುಮೋನಿಯಾ ಇರಬಹುದು. ಮೂತ್ರದ ಸೋಂಕು ಕೇವಲ ಬಡಬಡಿಕೆಯಾಗಿ ಕಾಣಿಸಬಹುದು. ಹತ್ತಾರು ಗುಳಿಗೆಗಳು ಒಂದಕ್ಕೊಂದು ತಾಗಿ ತಲೆಸುತ್ತು ಬರಬಹುದು. ಸುಮ್ಮನೆ ಮಲಗಿದರೆ ಕೆಲವೇ ದಿನಗಳಲ್ಲಿ ಸ್ನಾಯು ಕರಗುತ್ತದೆ. ಆದ್ದರಿಂದ "ವಯಸ್ಸು" ಎಂಬುದು ರೋಗದ ಹೆಸರಲ್ಲ, ಕಾರಣ ಹುಡುಕಬೇಕು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಆ ರಾತ್ರಿ ಮುತ್ಯಾನಿಗೆ ಸೋಂಕೇ ಇದ್ದಿರಬಹುದು. ನಾವು ಹಾಸಿದ ಹೊರಸೇ ಅವನ ಕಾಲನ್ನು ಕಸಿದಿರಬಹುದು. ಮದರಾಸಿನ ವಿಭಾಗ ಆಗಲೇ ನಡೆಯುತ್ತಿತ್ತು. ಸುದ್ದಿ ಮಾತ್ರ ಹಳ್ಳಿಖೇಡ (ಬಿ)ವರೆಗೆ ಬಂದಿರಲಿಲ್ಲ.

ಈಗ ಕಾಲ ಬದಲಾಗಿದೆ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ 10 ಹಾಸಿಗೆಗಳ ವಾರ್ಡಿನ ಯೋಜನೆ ಹಾಕಿಕೊಂಡಿದೆ. ಹಿರಿಯರ ಸಹಾಯವಾಣಿ 14567 ಇದೆ. ಆದರೆ ನಮ್ಮ ಊರಿನ ಮಕ್ಕಳು ಹೈದರಾಬಾದು, ಪುಣೆ, ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಉಳಿದವರು ಮುತ್ಯಾ, ಆಯಿ ಇಬ್ಬರೇ.

ಹಳೆಯ ವಿದ್ಯಾರ್ಥಿ ಮಿತ್ರರೇ, ಹಬ್ಬಕ್ಕೆ ಊರಿಗೆ ಬಂದಾಗ ಬಚ್ಚಲಿಗೆ ಹಿಡಿಕೆ ಇದೆಯೇ, ರಾತ್ರಿ ದೀಪ ಉರಿಯುತ್ತದೆಯೇ, ಗುಳಿಗೆಗಳು ಎಷ್ಟು ಎಂದು ನೋಡಿರಿ. ಹಿರಿಯರು ಒಮ್ಮೆಲೇ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಂದು ಶಾಲೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ಒಬ್ಬರಾದರೂ ಈ ವೈದ್ಯಶಾಸ್ತ್ರ ಕಲಿತು ಊರಿಗೆ ಮರಳಲಿ. ನಾನು ಮುತ್ಯಾನ ಕೈ ಹಿಡಿದು ಎಬ್ಬಿಸಲಿಲ್ಲ. ನೀವು ಎಬ್ಬಿಸಿರಿ.